ಹೇಳಿದ್ದು ಯಾರಿಗೆ, ಹೇಳದೆ ಬಿಟ್ಟದ್ದು ಯಾರಿಗೆ: ಸಿಟಿಕಾರ್ಪ್ ಕಟ್ಟಡದ ಪ್ರಕರಣ

1978ರ ಜುಲೈ ಕೊನೆಯ ಹೊತ್ತಿಗೆ ವಿಲಿಯಂ ಲೆಮೆಷರ್ ಎಂಬ ಅಮೆರಿಕದ ಎಂಜಿನಿಯರ್‌ಗೆ ಒಂದು ವಿಷಯ ಖಚಿತವಾಯಿತು. ತಾವು ಲೆಕ್ಕ ಹಾಕಿ ನಿಲ್ಲಿಸಿದ 59 ಅಂತಸ್ತಿನ ಕಟ್ಟಡ ಜೋರಾದ ಬಿರುಗಾಳಿಗೆ ಬಿದ್ದುಹೋಗಬಹುದು. ಆ ಕಟ್ಟಡ ಇದ್ದದ್ದು ನ್ಯೂಯಾರ್ಕ್ ನಗರದ ನಟ್ಟನಡುವೆ. ಉದ್ಘಾಟನೆಯಾಗಿ ಒಂದು ವರ್ಷವೂ ತುಂಬಿರಲಿಲ್ಲ. ಒಳಗೆ ದಿನವೂ ಸಾವಿರಾರು ಜನ ಕೆಲಸ ಮಾಡುತ್ತಿದ್ದರು. ಅಪಾಯದ ಪೂರ್ತಿ ಚಿತ್ರ ಗೊತ್ತಿದ್ದವರು ಬೆರಳೆಣಿಕೆಯಷ್ಟು. ಲೆಮೆಷರ್ ಬಾಯಿ ಮುಚ್ಚಿಕೊಂಡಿದ್ದರೆ ಕಟ್ಟಡ ಬೀಳುವ ದಿನದವರೆಗೂ ಅದು ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಅವರು ಬಾಯಿ ಮುಚ್ಚಿಕೊಳ್ಳಲಿಲ್ಲ. ಅದಕ್ಕೇ ಎಂಜಿನಿಯರಿಂಗ್ ಕಾಲೇಜುಗಳ ನೀತಿಪಾಠಗಳಲ್ಲಿ ಈ ಪ್ರಕರಣಕ್ಕೆ ಗೌರವದ ಜಾಗ ಸಿಕ್ಕಿದೆ. ನನಗೂ ಅವರ ಮೇಲೆ ಗೌರವ ಇದೆ. ಆದರೆ ಪಾಠದಲ್ಲಿ ಹೇಳುವಷ್ಟು ಸಲೀಸಾಗಿ ಅವರನ್ನು ಆದರ್ಶ ಪುರುಷ ಎಂದು ಕರೆಯಲು ಮನಸ್ಸು ಬರುವುದಿಲ್ಲ. ಅವರು ಸತ್ಯ ಹೇಳಿದರು, ನಿಜ. ಯಾರಿಗೆ ಹೇಳಿದರು ಎಂದು ಒಂದೊಂದಾಗಿ ನೋಡುತ್ತಾ ಹೋದರೆ ಕಥೆ ಬೇರೆಯೇ ಆಗಿ ಕಾಣುತ್ತದೆ.

ಕಟ್ಟಡ

ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ ಸಿಟಿಕಾರ್ಪ್ ಬ್ಯಾಂಕಿಗೆ ಬೇಕಾಗಿದ್ದ ಜಾಗದ ಒಂದು ಮೂಲೆಯಲ್ಲಿ ಸೇಂಟ್ ಪೀಟರ್ಸ್ ಎಂಬ ಲೂಥರನ್ ಚರ್ಚ್ ಇತ್ತು. ಚರ್ಚಿನವರು ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. ಅದೇ ಮೂಲೆಯಲ್ಲಿ ತಮಗೊಂದು ಹೊಸ ಚರ್ಚ್ ಬೇಕು, ಬ್ಯಾಂಕಿನ ಗೋಪುರದ ಕಂಬ ಅದರೊಳಗೆ ಬರಬಾರದು. ಹೀಗಾಗಿ ಲೆಮೆಷರ್ ಮತ್ತು ವಾಸ್ತುಶಿಲ್ಪಿ ಹ್ಯೂ ಸ್ಟಬಿನ್ಸ್ ಸೇರಿ ಒಂದು ಉಪಾಯ ಮಾಡಿದರು. ಇಡೀ ಗೋಪುರವನ್ನು ಒಂಬತ್ತು ಅಂತಸ್ತಿನಷ್ಟು ಎತ್ತರದ ನಾಲ್ಕು ದೈತ್ಯ ಕಂಬಗಳ ಮೇಲೆ ಎತ್ತಿ ನಿಲ್ಲಿಸಿದರು. ಕಂಬಗಳು ನಾಲ್ಕು ಮೂಲೆಗಳಲ್ಲಿ ಇರಲಿಲ್ಲ, ಪ್ರತಿ ಬದಿಯ ನಡುವೆ ಇದ್ದವು. ಮೇಜಿನ ಕಾಲುಗಳನ್ನು ಮೂಲೆಯಿಂದ ಕಿತ್ತು ಅಂಚಿನ ಮಧ್ಯಕ್ಕೆ ಇಟ್ಟ ಹಾಗೆ. ಮೇಲಿನ ಭಾರವನ್ನೂ ಗಾಳಿಯ ಹೊಡೆತವನ್ನೂ ಈ ಕಂಬಗಳಿಗೆ ಇಳಿಸಲು ಗೋಡೆಗಳ ಹಿಂದೆ ದೊಡ್ಡ ದೊಡ್ಡ ಓರೆ ಉಕ್ಕಿನ ತೊಲೆಗಳನ್ನು ವಿ ಆಕಾರದಲ್ಲಿ ಜೋಡಿಸಿದರು. ತುದಿಯಲ್ಲಿ ಸುಮಾರು 400 ಟನ್ ತೂಕದ ಕಾಂಕ್ರೀಟ್ ದಿಮ್ಮಿಯನ್ನು ಎಣ್ಣೆಯ ಪದರದ ಮೇಲೆ ಕೂರಿಸಿದರು. ಕಟ್ಟಡ ತೂಗಿದಾಗ ಅದು ಎದುರು ದಿಕ್ಕಿಗೆ ಎಳೆದು ತೂಗಾಟ ಕಡಿಮೆ ಮಾಡುತ್ತದೆ. ಅದಕ್ಕೆ ಡ್ಯಾಂಪರ್ ಎನ್ನುತ್ತಾರೆ. ಅದು ನಡೆಯಲು ಕರೆಂಟ್ ಬೇಕು. ಈ ಕರೆಂಟಿನ ವಿಷಯ ಮುಂದೆ ಬರುತ್ತದೆ.

1977ರಲ್ಲಿ ಮುಗಿದ ಈ ಗೋಪುರದ ಎತ್ತರ 279 ಮೀಟರ್. ವಿನ್ಯಾಸ ನೋಡಿ ಎಲ್ಲರೂ ಬೆರಗಾದರು. ಲೆಮೆಷರ್‌ಗೂ ಅದರ ಮೇಲೆ ಬಹಳ ಹೆಮ್ಮೆ.

ಒಂದು ಫೋನ್ ಕರೆ

1978ರ ಜೂನ್‌ನಲ್ಲಿ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ ಫೋನ್ ಮಾಡಿದ. ಕಂಬಗಳನ್ನು ತಪ್ಪು ಜಾಗದಲ್ಲಿ ಇಟ್ಟಿದ್ದಾರೆ ಎಂದು ನಮ್ಮ ಪ್ರಾಧ್ಯಾಪಕರು ಹೇಳುತ್ತಿದ್ದಾರಲ್ಲ, ನಿಜವಾ ಎಂದು ಕೇಳಿದ. ದೊಡ್ಡ ಹೆಸರಿನ ಎಂಜಿನಿಯರ್ ಒಬ್ಬರು ಇಂಥ ಕರೆಯನ್ನು ಎರಡು ಮಾತಿನಲ್ಲಿ ಮುಗಿಸಿ ಇಟ್ಟುಬಿಡಬಹುದಿತ್ತು. ಲೆಮೆಷರ್ ಕೂತು ವಿವರಿಸಿದರು. ಚರ್ಚ್, ಮೂಲೆ, ಓರೆ ತೊಲೆಗಳು, ಮೂಲೆಯಿಂದ ಬಡಿಯುವ ಗಾಳಿಗೆ ಈ ರಚನೆ ಯಾಕೆ ಗಟ್ಟಿ, ಎಲ್ಲವನ್ನೂ ಹೇಳಿದರು. ಆಮೇಲೆ ಇದು ಹಾರ್ವರ್ಡ್‌ನಲ್ಲಿ ತಾವು ಪಾಠ ಮಾಡುವ ಮಕ್ಕಳಿಗೂ ಒಳ್ಳೆಯ ಉದಾಹರಣೆ ಅನ್ನಿಸಿ, ಮೂಲೆಗಾಳಿಯ ಲೆಕ್ಕವನ್ನು ತಾವೇ ಮಾಡಲು ಕೂತರು.

ಇಲ್ಲಿ ಎರಡು ಮಾತು ಹೇಳಲೇಬೇಕು. ಆಗಿನ ನ್ಯೂಯಾರ್ಕ್ ಕಟ್ಟಡ ನಿಯಮ ಕೇಳುತ್ತಿದ್ದದ್ದು ಕಟ್ಟಡದ ಮುಖಕ್ಕೆ ನೇರವಾಗಿ ಹೊಡೆಯುವ ಗಾಳಿಯ ಲೆಕ್ಕ ಮಾತ್ರ. ಮೂಲೆಗಾಳಿಯ ಲೆಕ್ಕವನ್ನು ಯಾರೂ ಕೇಳಿರಲಿಲ್ಲ. ಸಾಮಾನ್ಯ ಕಟ್ಟಡಕ್ಕೆ ಅದರ ಅಗತ್ಯವೂ ಬೀಳುವುದಿಲ್ಲ, ಕಂಬ ಮೂಲೆಯಲ್ಲೇ ಇರುತ್ತದಲ್ಲ. ಆದ್ದರಿಂದ ಕಾನೂನಿನ ಕಣ್ಣಿನಲ್ಲಿ ಲೆಮೆಷರ್ ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದರು. ಎರಡನೆಯದು, ಅವರನ್ನು ಈ ಲೆಕ್ಕಕ್ಕೆ ಕೂರಿಸಿದ್ದು ಭಯವೂ ಅಲ್ಲ, ಅನುಮಾನವೂ ಅಲ್ಲ. ಪಾಠ ಹೇಳುವ ಆಸೆ. ಒಳ್ಳೆಯ ನಡತೆಗೆ ಬಾಗಿಲು ತೆರೆಯುವುದು ಹಲವು ಸಲ ಇಂಥ ಚಿಕ್ಕ ಅಭ್ಯಾಸಗಳೇ. ಕಿರಿಯರ ಪ್ರಶ್ನೆಗೆ ಕಿವಿ ಕೊಡುವುದು, ಗೊತ್ತಿರುವುದನ್ನೇ ಇನ್ನೊಮ್ಮೆ ನೋಡುವುದು. ಧೈರ್ಯ, ತ್ಯಾಗ ಎಂದೆಲ್ಲ ನಾವು ದೊಡ್ಡ ಗುಣಗಳ ಬಗ್ಗೆ ಮಾತಾಡುತ್ತೇವೆ. ಆ ಫೋನನ್ನು ತಾಳ್ಮೆಯಿಂದ ಕೇಳದೇ ಹೋಗಿದ್ದರೆ ಅವರ ಧೈರ್ಯಕ್ಕೆ ಕೆಲಸವೇ ಬರುತ್ತಿರಲಿಲ್ಲ.

ಫೋನ್ ಮಾಡಿದ್ದು ಯಾರು ಎಂಬುದು ಬಹಳ ವರ್ಷ ಗೊತ್ತಿರಲಿಲ್ಲ. ಗಂಡು ಧ್ವನಿ ಎಂದು ಲೆಮೆಷರ್ ನೆನಪಿಸಿಕೊಂಡರು. ಅದೇ ವರ್ಷ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಡಯಾನ್ ಹಾರ್ಟ್ಲಿ ತಮ್ಮ ಪ್ರಬಂಧಕ್ಕೆ ಇದೇ ಕಟ್ಟಡ ಆರಿಸಿಕೊಂಡು, ಮೂಲೆಗಾಳಿಯ ಲೆಕ್ಕ ಹಾಕಿ, ಲೆಮೆಷರ್ ಅವರ ಕಚೇರಿಗೆ ಪ್ರಶ್ನೆ ಕಳಿಸಿದ್ದರು. ಕಟ್ಟಡ ಗಟ್ಟಿಯಾಗಿದೆ ಎಂಬ ಉತ್ತರ ಅಲ್ಲಿಂದ ಬಂದಿತ್ತು.

ಬೋಲ್ಟ್‌ಗಳ ಲೆಕ್ಕ

ಲೆಕ್ಕದಲ್ಲಿ ಬಂದ ಉತ್ತರ ಅವರು ಎಣಿಸಿದ್ದಕ್ಕೆ ಉಲ್ಟಾ ಇತ್ತು. ಮೂಲೆಗಾಳಿ ಬಂದರೆ ಕೆಲವು ಓರೆ ತೊಲೆಗಳ ಮೇಲಿನ ಒತ್ತಡ ಶೇಕಡಾ 40ರಷ್ಟು ಜಾಸ್ತಿಯಾಗುತ್ತಿತ್ತು. ಇಷ್ಟೇ ಆಗಿದ್ದರೆ ನಿದ್ದೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ, ತೊಲೆಗಳಿಗೆ ಆ ಶಕ್ತಿ ಇತ್ತು. ಆದರೆ ಕೆಲವು ವಾರಗಳ ಹಿಂದಷ್ಟೇ ಬೇರೆ ಕೆಲಸದ ಮಾತಿನ ನಡುವೆ ಅವರಿಗೆ ಇನ್ನೊಂದು ವಿಷಯ ಗೊತ್ತಾಗಿತ್ತು. ತೊಲೆಗಳ ಜಾಯಿಂಟ್‌ಗಳನ್ನು ವೆಲ್ಡಿಂಗ್ ಮಾಡಬೇಕೆಂದು ಅವರು ಬರೆದಿದ್ದರು. ಕಟ್ಟುವಾಗ ಬೋಲ್ಟ್ ಹಾಕಿದ್ದರು. ಬೋಲ್ಟ್ ಅಗ್ಗ, ಕೆಲಸವೂ ಬೇಗ ಮುಗಿಯುತ್ತದೆ. ಉಕ್ಕಿನ ಗುತ್ತಿಗೆದಾರರು ಕೇಳಿದರು, ಲೆಮೆಷರ್ ಅವರ ನ್ಯೂಯಾರ್ಕ್ ಕಚೇರಿ ಒಪ್ಪಿತು. ಯಜಮಾನರಿಗೆ ಹೇಳಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ.

ಬೋಲ್ಟ್‌ನಿಂದ ಏನಾಗುತ್ತದೆ? ಕಟ್ಟಡದ ಭಾರ ಜಾಯಿಂಟನ್ನು ಒತ್ತಿ ಹಿಡಿಯುತ್ತದೆ, ಗಾಳಿ ಅದನ್ನು ಎಳೆಯುತ್ತದೆ. ಬೋಲ್ಟ್ ತಡೆಯಬೇಕಾದದ್ದು ಇವೆರಡರ ನಡುವಿನ ವ್ಯತ್ಯಾಸವನ್ನು ಮಾತ್ರ. ಲೆಕ್ಕ ಸುಲಭವಾಗಲಿ ಎಂದು ಗಾಳಿಯ ಎಳೆತ 100, ಭಾರದ ಒತ್ತು 75 ಎಂದಿಟ್ಟುಕೊಳ್ಳಿ. ಬೋಲ್ಟ್‌ಗೆ ಬೀಳುವುದು 25. ಈಗ ಗಾಳಿಯ ಎಳೆತ 40 ಹೆಚ್ಚಿ 140 ಆಯಿತು. ಭಾರ ಅಷ್ಟೇ ಇದೆ. ಬೋಲ್ಟ್‌ಗೆ ಬೀಳುವುದು 65. ಶೇಕಡಾ 40ರ ಏರಿಕೆ ಜಾಯಿಂಟಿಗೆ ಬರುವಾಗ ಶೇಕಡಾ 160 ಆಯಿತು. ಲೆಮೆಷರ್ ಅವರ ಲೆಕ್ಕದಲ್ಲಿ ಬಂದದ್ದೂ ಇದೇ 160.

ಜೊತೆಗೆ ಅವರ ಕಚೇರಿಯವರು ಈ ತೊಲೆಗಳನ್ನು ಕಂಬದ ಲೆಕ್ಕಕ್ಕೆ ಸೇರಿಸದೆ ಸಡಿಲವಾದ ನಿಯಮದಡಿ ತಂದಿದ್ದರು. ಅದರಿಂದ ಬೋಲ್ಟ್‌ಗಳ ಸಂಖ್ಯೆಯೂ ಕಡಿಮೆಯಾಗಿತ್ತು. ಒಂದೊಂದು ತಪ್ಪನ್ನೂ ಬಿಡಿಯಾಗಿ ನೋಡಿದರೆ ಯಾರೂ ಕೆಟ್ಟವರಲ್ಲ. ನಿಯಮ ಕೇಳಿದ್ದನ್ನು ಒಬ್ಬರು ಮಾಡಿದರು. ಅಗ್ಗದ ದಾರಿಯನ್ನು ಇನ್ನೊಬ್ಬರು ಸೂಚಿಸಿದರು. ಮತ್ತೊಬ್ಬರು ಸಹಿ ಹಾಕಿದರು. ಲಂಚ ಇಲ್ಲ, ಮೋಸ ಇಲ್ಲ. ಆದರೂ ಕಟ್ಟಡ ಬೀಳುವ ಹಂತಕ್ಕೆ ಬಂದು ನಿಂತಿತ್ತು. ಕೆಡುಕು ಆಗಬೇಕಾದರೆ ಕೆಡುಕರೇ ಬೇಕು ಎಂದು ನಂಬಿಕೊಂಡವರಿಗೆ ಇದು ಸ್ವಲ್ಪ ಇರುಸುಮುರುಸಿನ ಸಂಗತಿ.

ಕೆನಡಾದಲ್ಲಿದ್ದ ಗಾಳಿ ತಜ್ಞ ಅಲನ್ ಡೇವನ್‌ಪೋರ್ಟ್ ಬಳಿಗೆ ಹೋಗಿ ಲೆಮೆಷರ್ ತಮ್ಮ ಲೆಕ್ಕ ಒಪ್ಪಿಸಿದರು. ಅಲ್ಲಿಯೂ ಸಮಾಧಾನ ಸಿಗಲಿಲ್ಲ, ನಿಜವಾದ ಗಾಳಿಯಲ್ಲಿ ಒತ್ತಡ ಇನ್ನೂ ಹೆಚ್ಚಬಹುದು ಎಂಬ ಉತ್ತರ ಸಿಕ್ಕಿತು.

ದ್ವೀಪದ ಮನೆ

ಮೇನ್ ರಾಜ್ಯದ ಸೆಬಾಗೊ ಸರೋವರದ ದ್ವೀಪದಲ್ಲಿ ಲೆಮೆಷರ್‌ಗೆ ಒಂದು ಬೇಸಿಗೆ ಮನೆ ಇತ್ತು. ಜುಲೈ ಕೊನೆಯಲ್ಲಿ ಅಲ್ಲಿ ಒಬ್ಬರೇ ಕೂತು ಜಾಯಿಂಟ್ ಜಾಯಿಂಟಿಗೂ ಲೆಕ್ಕ ಹಾಕಿದರು. ಅತಿ ದುರ್ಬಲ ಜಾಯಿಂಟ್ ಇದ್ದದ್ದು 30ನೇ ಅಂತಸ್ತಿನಲ್ಲಿ. ಅದು ಹೋದರೆ ಎಲ್ಲವೂ ಹೋದಂತೆ. ಅದನ್ನು ಮುರಿಯುವಷ್ಟು ಬಿರುಗಾಳಿ ಸರಾಸರಿ 16 ವರ್ಷಕ್ಕೊಮ್ಮೆ ಬರಬಹುದಿತ್ತು. ಡ್ಯಾಂಪರ್ ನಡೆಯುತ್ತಿದ್ದರೆ 55 ವರ್ಷಕ್ಕೊಮ್ಮೆ. ಆದರೆ ಬಿರುಗಾಳಿ ಬಂದಾಗ ಮೊದಲು ಹೋಗುವುದೇ ಕರೆಂಟ್, ಅಲ್ವಾ?

ಮುಂದೆ ಏನು ಮಾಡಬಹುದು ಎಂದು ಅವರು ಅಲ್ಲಿ ಯೋಚಿಸಿದರು. ಸುಮ್ಮನಿದ್ದುಬಿಡಬಹುದು. ಕಾರನ್ನು ಸೇತುವೆಯ ಕಂಬಕ್ಕೆ ಗುದ್ದಿ ಎಲ್ಲವನ್ನೂ ಮುಗಿಸಿಬಿಡಬಹುದು. ಈ ಯೋಚನೆಯೂ ಬಂದಿತ್ತು ಎಂದು ಅವರೇ ನಂತರ ಹೇಳಿಕೊಂಡಿದ್ದಾರೆ. ಇಲ್ಲವೇ ಬಾಯಿ ಬಿಡಬಹುದು. ಬಾಯಿ ಬಿಟ್ಟರೆ ಕೋರ್ಟು, ದಿವಾಳಿ, ಮರ್ಯಾದೆ ಮಣ್ಣುಪಾಲು, ಇಷ್ಟೂ ಕಣ್ಣೆದುರು ಇತ್ತು. ಆಗ ಅವರಿಗೆ 52 ವರ್ಷ.

ಆ ಗಳಿಗೆಯನ್ನು ನೆನೆಯುವಾಗ ಅವರು ಒಂದು ವಿಚಿತ್ರ ಮಾತು ಹೇಳಿದ್ದಾರೆ. ಜಗತ್ತಿನಲ್ಲಿ ಬೇರೆ ಯಾರ ಬಳಿಯೂ ಇಲ್ಲದ ಮಾಹಿತಿ ನನ್ನ ಕೈಯಲ್ಲಿದೆ, ನಾನೊಬ್ಬನೇ ಇದನ್ನು ತಡೆಯಬಲ್ಲೆ ಎಂಬ ಭಾವ ಬಂದು ಒಂಥರಾ ಉತ್ಸಾಹವೇ ಆಯಿತಂತೆ. ಕೆಲವರು ಇದನ್ನು ಅಹಂಕಾರ ಎಂದು ಓದುತ್ತಾರೆ. ನನಗೆ ಇದು ಪ್ರಾಮಾಣಿಕ ಮಾತು ಅನ್ನಿಸುತ್ತದೆ. ಒಳ್ಳೆಯ ಕೆಲಸಕ್ಕೆ ಕೈಹಾಕುವವರ ಮನಸ್ಸಿನಲ್ಲಿ ಬರೀ ಕರ್ತವ್ಯಪ್ರಜ್ಞೆ ಇರುವುದು ಅಪರೂಪ. ಸ್ವಲ್ಪ ಭಯ ಇರುತ್ತದೆ, ಸ್ವಲ್ಪ ಹೆಮ್ಮೆ ಇರುತ್ತದೆ, ನಾನೇ ಸರಿಮಾಡುತ್ತೇನೆ ಎಂಬ ಹಟವೂ ಇರುತ್ತದೆ. ಪರಿಶುದ್ಧ ಮನಸ್ಸು ಬರಲಿ ಎಂದು ಕಾದು ಕೂತರೆ ಯಾರೂ ಏನೂ ಮಾಡುವುದಿಲ್ಲ.

ಆದರೆ ಒಂದು ಎಚ್ಚರಿಕೆ ಇರಲಿ. ದ್ವೀಪದ ಈ ದೃಶ್ಯ ನಮಗೆ ಗೊತ್ತಿರುವುದು ಒಬ್ಬರ ಬಾಯಿಂದ ಮಾತ್ರ, ಅದೂ ಹದಿನೇಳು ವರ್ಷಗಳ ನಂತರ. 1995ರ ಮೇ ತಿಂಗಳಲ್ಲಿ ಪತ್ರಕರ್ತ ಜೋ ಮೋರ್ಗೆನ್‌ಸ್ಟರ್ನ್ ನ್ಯೂಯಾರ್ಕರ್ ಪತ್ರಿಕೆಯಲ್ಲಿ ಬರೆದ ದೀರ್ಘ ಲೇಖನದಲ್ಲಿ ಮೊದಲ ಸಲ ಈ ವಿಷಯ ಹೊರಬಂತು. ಆ ಲೇಖನಕ್ಕೆ ಮುಖ್ಯ ಆಧಾರ ಲೆಮೆಷರ್ ಅವರ ನೆನಪೇ. ತನ್ನ ಪರೀಕ್ಷೆಯ ಕಥೆಯನ್ನು ತಾನೇ ಹೇಳುವವನು ಎಷ್ಟೇ ಒಳ್ಳೆಯವನಿದ್ದರೂ ತನಗೆ ನಾಲ್ಕು ಅಂಕ ಹೆಚ್ಚಿಗೆ ಹಾಕಿಕೊಂಡಾನು.

ಬಾಯಿ ಬಿಟ್ಟ ಮೇಲೆ

ದ್ವೀಪದಿಂದ ಹೊರಟವರು ವಾಸ್ತುಶಿಲ್ಪಿಯ ವಕೀಲರಿಗೆ, ತಮ್ಮ ವಿಮಾ ಕಂಪನಿಗೆ, ಸ್ಟಬಿನ್ಸ್ ಅವರಿಗೆ, ಆಮೇಲೆ ಬ್ಯಾಂಕಿಗೆ ವಿಷಯ ಮುಟ್ಟಿಸಿದರು. ವಿಮಾ ಕಂಪನಿಯ ಸಲಹೆಯ ಮೇಲೆ ಲೆಸ್ಲಿ ರಾಬರ್ಟ್‌ಸನ್ ಬಂದರು. ವರ್ಲ್ಡ್ ಟ್ರೇಡ್ ಸೆಂಟರ್ ಗೋಪುರಗಳ ಎಂಜಿನಿಯರ್ ಅವರು. ಅವರ ಅಂದಾಜು ಲೆಮೆಷರ್ ಅವರ ಅಂದಾಜಿಗಿಂತಲೂ ಕಠಿಣವಾಗಿತ್ತು.

ಬ್ಯಾಂಕಿನಲ್ಲಿ ಮೊದಲು ಕೇಳಿಸಿಕೊಂಡವರು ಹಿರಿಯ ಅಧಿಕಾರಿ ಜಾನ್ ರೀಡ್. ಅಧ್ಯಕ್ಷ ವಾಲ್ಟರ್ ರಿಸ್ಟನ್ ಅವರಿಗೂ ವಿಷಯ ಹೋಯಿತು. ಕೂಗಾಟ ಇಲ್ಲ, ಯಾರ ತಪ್ಪು ಎಂಬ ವಿಚಾರಣೆ ಇಲ್ಲ. ಏನು ಮಾಡಬೇಕು, ಎಷ್ಟು ದಿನ ಬೇಕು ಎಂಬಷ್ಟೇ ಮಾತು. ಡ್ಯಾಂಪರ್‌ಗೆ ತುರ್ತು ಜನರೇಟರ್ ಬೇಕು ಎಂದು ಲೆಮೆಷರ್ ಕೇಳಿದರು, ಒಪ್ಪಿಗೆ ಸಿಕ್ಕಿತು. ನಗರದ ಕಟ್ಟಡ ಇಲಾಖೆಯವರಿಗೂ ಎಲ್ಲವನ್ನೂ ತೆರೆದಿಟ್ಟರು. ಅಲ್ಲಿ ಬೈಗುಳದ ಬದಲು ಮೆಚ್ಚುಗೆ ಸಿಕ್ಕಿತು.

ಈ ಪ್ರಕರಣದಲ್ಲಿ ಜನ ಸಾಮಾನ್ಯವಾಗಿ ಬಿಟ್ಟುಬಿಡುವ ಭಾಗ ಇದೇ. ನಾವು ಹೇಳಿದವನ ಗುಣವನ್ನಷ್ಟೇ ತೂಗುತ್ತೇವೆ, ಕೇಳಿಸಿಕೊಂಡವರ ಗುಣವನ್ನು ತೂಗುವುದಿಲ್ಲ. ತಪ್ಪು ಒಪ್ಪಿಕೊಂಡು ಬಂದವನ ಮೇಲೆ ಮೊದಲ ಐದು ನಿಮಿಷ ಹೇಗೆ ಮಾತಾಡುತ್ತೇವೆ ಎನ್ನುವುದರ ಮೇಲೆ ಮುಂದಿನವನು ಬಾಯಿ ಬಿಡುತ್ತಾನೋ ಇಲ್ಲವೋ ಎನ್ನುವುದು ನಿಂತಿದೆ. ಮನೆಯಲ್ಲೂ ಹಾಗೆಯೇ, ಕಚೇರಿಯಲ್ಲೂ ಹಾಗೆಯೇ. ಒಡೆದದ್ದನ್ನು ಬಂದು ಹೇಳಿದ ಮಗುವಿಗೆ ಏಟು ಕೊಟ್ಟರೆ ಆ ಮಗು ಕಲಿಯುವುದು ಒಡೆಯದಿರುವುದನ್ನಲ್ಲ, ಮುಚ್ಚಿಡುವುದನ್ನು. ಸುಳ್ಳು ಹೇಳುತ್ತಾರೆ ಎಂದು ಕೈಕೆಳಗಿನವರನ್ನು ದೂರುವವರು ಒಮ್ಮೆಯಾದರೂ ತಮ್ಮ ಮುಖ ನೋಡಿಕೊಳ್ಳುವುದು ಒಳ್ಳೆಯದು.

ಕೊನೆಯಲ್ಲಿ ವಿಮೆಯಿಂದ ಬಂದ 20 ಲಕ್ಷ ಡಾಲರ್ ತೆಗೆದುಕೊಂಡು ಬ್ಯಾಂಕ್ ಕೈಬಿಟ್ಟಿತು. ಮೊಕದ್ದಮೆ ಹೂಡಲಿಲ್ಲ. ಇಷ್ಟು ದೊಡ್ಡ ಅನಾಹುತ ತಪ್ಪಿಸಿದ್ದಾರೆ ಎಂದು ಮನವರಿಕೆ ಮಾಡಿಕೊಟ್ಟ ಮೇಲೆ ಲೆಮೆಷರ್ ಅವರ ವಿಮೆಯ ಕಂತು ಏರುವ ಬದಲು ಇಳಿಯಿತು. ಇದನ್ನು ಕೇಳಿ ಸತ್ಯಕ್ಕೆ ಯಾವಾಗಲೂ ಬಹುಮಾನ ಸಿಗುತ್ತದೆ ಎಂದುಕೊಳ್ಳಬೇಡಿ. ಹೆಸರು, ಹಣ, ಸ್ನೇಹಿತರು ಎಲ್ಲ ಇದ್ದ ಎಂಜಿನಿಯರ್ ಅವರು. ಬೋಲ್ಟ್ ಬಿಗಿದ ಕೂಲಿಯವನೊಬ್ಬ ಇದೇ ಮಾತು ಹೇಳಿದ್ದರೆ ಅವನನ್ನು ಅಧ್ಯಕ್ಷರ ಕೋಣೆಯವರೆಗೂ ಬಿಡುತ್ತಿದ್ದರೋ ಇಲ್ಲವೋ.

ರಾತ್ರಿ ಕೆಲಸ

ಪರಿಹಾರ ಸರಳವಾಗಿತ್ತು. 200ಕ್ಕೂ ಹೆಚ್ಚು ಬೋಲ್ಟ್ ಜಾಯಿಂಟ್‌ಗಳ ಮೇಲೆ ಎರಡು ಇಂಚು ದಪ್ಪದ ಉಕ್ಕಿನ ತಗಡುಗಳನ್ನು ಇಟ್ಟು ವೆಲ್ಡ್ ಮಾಡುವುದು. ಕಷ್ಟ ಇದ್ದದ್ದು ಅದನ್ನು ಮಾಡುವ ರೀತಿಯಲ್ಲಿ. ಸಂಜೆ ನೌಕರರು ಮನೆಗೆ ಹೋದ ಮೇಲೆ ಬಡಗಿಗಳು ಬಂದು ಒಳಗೋಡೆ ಬಿಚ್ಚಿ, ಜಾಯಿಂಟ್ ಸುತ್ತ ಹಲಗೆಯ ಮರೆ ಕಟ್ಟುತ್ತಿದ್ದರು. ರಾತ್ರಿ ಎಂಟರಿಂದ ಬೆಳಗಿನ ಜಾವ ನಾಲ್ಕರವರೆಗೆ ವೆಲ್ಡಿಂಗ್. ಆಮೇಲೆ ಗುಡಿಸಿ ಒರೆಸಿ, ಏನೂ ಆಗೇ ಇಲ್ಲವೇನೋ ಎನ್ನುವಂತೆ ಸಜ್ಜು ಮಾಡುವುದು. ಬೆಳಿಗ್ಗೆ ನೌಕರರು ಬಂದು ಎಂದಿನಂತೆ ತಮ್ಮ ಮೇಜಿಗೆ ಕೂರುತ್ತಿದ್ದರು.

ಈ ಕೆಲಸದ ಬಗ್ಗೆ ಹೊರಗೆ ಏನು ಹೇಳಿದರು? ಗಾಳಿಯ ಬಗ್ಗೆ ಹೊಸ ಮಾಹಿತಿ ಬಂದಿದೆ, ಅದಕ್ಕಾಗಿ ಕೆಲವು ಜಾಯಿಂಟ್‌ಗಳನ್ನು ಇನ್ನಷ್ಟು ಬಲಪಡಿಸುತ್ತಿದ್ದೇವೆ, ಆತಂಕ ಬೇಡ ಎಂಬ ಧಾಟಿಯ ಹೇಳಿಕೆ ಹೊರಬಂತು. ಇದರಲ್ಲಿ ಒಂದೊಂದು ತುಣುಕೂ ನಿಜವೇ. ಹೊಸ ಮಾಹಿತಿ ಬಂದಿತ್ತು. ಬಲಪಡಿಸುತ್ತಿದ್ದದ್ದೂ ಹೌದು. ಆದರೆ ತುಣುಕುಗಳನ್ನು ಸೇರಿಸಿದಾಗ ಬರುವುದು ಸುಳ್ಳು.

ಪತ್ರಿಕೆಗಳವರಿಗೆ ವಾಸನೆ ಹತ್ತಿತ್ತು. ನ್ಯೂಯಾರ್ಕ್ ಟೈಮ್ಸ್ ವರದಿಗಾರರೊಬ್ಬರು ಲೆಮೆಷರ್ ಅವರನ್ನು ಹುಡುಕಿ ಫೋನ್ ಮಾಡಿದ್ದರು. ಅವರು ತಿರುಗಿ ಫೋನ್ ಮಾಡುವ ಹೊತ್ತಿಗೆ ನಗರದ ಪತ್ರಿಕೆಗಳಲ್ಲಿ ಮುಷ್ಕರ ಶುರುವಾಗಿತ್ತು. ಆಗಸ್ಟ್ 10ಕ್ಕೆ ಶುರುವಾದದ್ದು ನವೆಂಬರ್ ಮೊದಲ ವಾರದವರೆಗೆ ನಡೆಯಿತು. ವೆಲ್ಡಿಂಗ್ ಅಕ್ಟೋಬರ್‌ನಲ್ಲೇ ಮುಗಿದಿತ್ತು. ಪತ್ರಿಕೆಯೇ ಇಲ್ಲದ ನಗರದಲ್ಲಿ ಗುಟ್ಟು ಉಳಿದದ್ದರಲ್ಲಿ ಆಶ್ಚರ್ಯವೇನಿಲ್ಲ.

ನಡುವೆ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಎಲ್ಲಾ ಎಂಬ ಚಂಡಮಾರುತ ಅಟ್ಲಾಂಟಿಕ್ ಸಾಗರದಲ್ಲಿ ಅಮೆರಿಕದ ಪೂರ್ವ ಕರಾವಳಿಯತ್ತ ಬಂತು. ರಿಪೇರಿ ಇನ್ನೂ ಮುಗಿದಿರಲಿಲ್ಲ. ರೆಡ್ ಕ್ರಾಸ್ ಜೊತೆ ಸೇರಿ ಸುತ್ತಲಿನ ಬೀದಿಗಳ ಜನರನ್ನು ತೆರವು ಮಾಡುವ ಯೋಜನೆ ಸಿದ್ಧವಿತ್ತು. ಆ ಬೀದಿಗಳಲ್ಲಿ ಇದ್ದವರಿಗೆ ಮಾತ್ರ ಅದು ಗೊತ್ತಿರಲಿಲ್ಲ. ಚಂಡಮಾರುತ ಕೊನೆಗೆ ಸಮುದ್ರದ ಕಡೆಗೆ ತಿರುಗಿಹೋಯಿತು. ಬೀಸೋ ದೊಣ್ಣೆಯಿಂದ ಪಾರಾದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರಲ್ಲ, ಇಲ್ಲಿ ದೊಣ್ಣೆ ಬೀಸಿದ್ದೇ ಜನರಿಗೆ ತಿಳಿಯಲಿಲ್ಲ.

ತೂಗಿ ನೋಡಿದರೆ

ಈಗ ಲೆಮೆಷರ್ ಯಾರಿಗೆ ಹೇಳಿದರು ಎಂದು ನೋಡೋಣ. ವಕೀಲರು, ವಿಮೆಯವರು, ವಾಸ್ತುಶಿಲ್ಪಿ, ಬ್ಯಾಂಕಿನ ದೊಡ್ಡವರು, ಇಲಾಖೆಯವರು. ಇವರೆಲ್ಲ ಒಂದೋ ಕಟ್ಟಡ ಸರಿಮಾಡುವ ಶಕ್ತಿ ಇದ್ದವರು, ಇಲ್ಲವೇ ಅವರನ್ನು ಶಿಕ್ಷಿಸುವ ಶಕ್ತಿ ಇದ್ದವರು. ತನ್ನನ್ನು ಮುಳುಗಿಸಬಲ್ಲವರ ಎದುರೇ ಹೋಗಿ ನಿಂತರಲ್ಲ, ಅದು ಸಣ್ಣ ಮಾತಲ್ಲ. ಅಲ್ಲಿಯವರೆಗೆ ನನಗೆ ತಕರಾರಿಲ್ಲ.

ಹೇಳದೆ ಬಿಟ್ಟದ್ದು ಯಾರಿಗೆ? ಕಟ್ಟಡದೊಳಗೆ ಟೈಪ್ ಮಾಡುತ್ತಿದ್ದವರಿಗೆ, ಕಸ ಗುಡಿಸುತ್ತಿದ್ದವರಿಗೆ, ಪಕ್ಕದ ಬೀದಿಗಳಲ್ಲಿ ಮಲಗುತ್ತಿದ್ದವರಿಗೆ. ಬಿದ್ದರೆ ಯಾರ ಮೇಲೆ ಬೀಳುತ್ತಿತ್ತೋ ಅವರಿಗೆ.

ಇದಕ್ಕೆ ಒಂದು ಸಮರ್ಥನೆ ಇದೆ, ಅದು ಪೊಳ್ಳಲ್ಲ. ಹೇಳಿದ್ದರೆ ಜನ ಗಾಬರಿಯಾಗುತ್ತಿದ್ದರು, ನೂಕುನುಗ್ಗಲಾಗುತ್ತಿತ್ತು, ರಿಪೇರಿಯೇ ನಿಂತುಹೋಗಬಹುದಿತ್ತು. ಗಾಳಿ ಇಲ್ಲದ ದಿನ ಕಟ್ಟಡಕ್ಕೆ ಏನೂ ಅಪಾಯವಿರಲಿಲ್ಲ, ಹವಾಮಾನ ತಜ್ಞರು ಗಾಳಿಯ ಮೇಲೆ ಕಣ್ಣಿಟ್ಟಿದ್ದರು. ಹಾಗಿದ್ದ ಮೇಲೆ ಸುಮ್ನೆ ಹೆದರಿಸಿ ಏನು ಉಪಯೋಗ? ಮಾತು ಬೆಳ್ಳಿ, ಮೌನ ಬಂಗಾರ ಎಂದು ನಮ್ಮಲ್ಲೂ ಹೇಳುತ್ತಾರೆ.

ನನಗೆ ಈ ವಾದ ಅರ್ಧಕ್ಕೇ ನಿಂತುಬಿಡುತ್ತದೆ. ಗಾಬರಿಯಾಗಬಾರದು ಎಂದು ಸದ್ದಿಲ್ಲದೆ ಕೆಲಸ ಶುರುಮಾಡುವುದು ಒಂದು. ಆತಂಕ ಬೇಡ ಎಂದು ಹೇಳಿಕೆ ಕೊಡುವುದು ಇನ್ನೊಂದು. ಮೊದಲನೆಯದು ಮೌನ, ಎರಡನೆಯದು ಮಾತು, ಅದೂ ದಾರಿ ತಪ್ಪಿಸುವ ಮಾತು. ಚಂಡಮಾರುತ ಬಂದಾಗಲೂ ಆ ಮಾತನ್ನು ಯಾರೂ ತಿದ್ದಲಿಲ್ಲ. ಮುಖ್ಯವಾಗಿ, ಜನ ಗಾಬರಿಯಾಗುತ್ತಾರೆ ಎಂದು ತೀರ್ಮಾನ ಮಾಡಿದವರು ಯಾರು? ಹೇಳದಿದ್ದರೆ ತಮಗೂ ಒಳ್ಳೆಯದು ಎನ್ನುವ ಸ್ಥಿತಿಯಲ್ಲಿ ಇದ್ದವರು. ಬ್ಯಾಂಕಿಗೆ ಹೆಸರಿನ ಚಿಂತೆ, ಎಂಜಿನಿಯರ್‌ಗೆ ಮಾನದ ಚಿಂತೆ, ಇಲಾಖೆಗೆ ಪ್ರಶ್ನೆಗಳ ಚಿಂತೆ. ಅವರ ಒಳ್ಳೆಯದಕ್ಕೇ ಹೇಳಲಿಲ್ಲ ಎನ್ನುವಾಗ ಆ ಒಳ್ಳೆಯದರಲ್ಲಿ ನಮ್ಮ ಪಾಲು ಎಷ್ಟು ಎಂದು ಲೆಕ್ಕ ಹಾಕಬೇಕು. ಪಾಲು ಜಾಸ್ತಿ ಇದ್ದಷ್ಟೂ ಆ ತೀರ್ಮಾನ ನಮ್ಮ ಕೈಯಲ್ಲಿ ಇರಬಾರದು.

ಇದು ಎಂಜಿನಿಯರ್‌ಗಳ ಕಾಯಿಲೆ ಮಾತ್ರ ಅಲ್ಲ. ಔಷಧ ತಪ್ಪಾಗಿ ಕೊಟ್ಟ ವೈದ್ಯ ಮೇಲಿನವರಿಗೆ ವರದಿ ಬರೆಯುತ್ತಾನೆ, ರೋಗಿಗೆ ಹೇಳುವುದಿಲ್ಲ. ಮಗನ ಹಣ ಕಳೆದುಕೊಂಡ ಅಪ್ಪ ವಕೀಲರ ಹತ್ತಿರ ಅತ್ತುಬಿಡುತ್ತಾನೆ, ಮಗನ ಹತ್ತಿರ ಬಾಯಿ ಬಿಡುವುದಿಲ್ಲ. ತಪ್ಪೊಪ್ಪಿಕೊಂಡ ಹಗುರ ಅವರಿಗೆ ಸಿಕ್ಕಾಗಿರುತ್ತದೆ. ಕ್ಷಮೆ ಕೊಡಬೇಕಾದವರ ಹತ್ತಿರ ಹೋಗುವುದು ಬಾಕಿಯೇ ಉಳಿಯುತ್ತದೆ. ದೊಡ್ಡವರ ಮುಂದೆ ಸತ್ಯ ಹೇಳಲು ಧೈರ್ಯ ಬೇಕು, ಸರಿ. ನಮಗೆ ಏನೂ ಮಾಡಲಾಗದವರ ಮುಂದೆ ಸತ್ಯ ಹೇಳಲು ಬೇರೆ ಗುಣ ಬೇಕು. ಆ ಗುಣಕ್ಕೆ ಚಪ್ಪಾಳೆ ಕಡಿಮೆ. ಅದಕ್ಕೇ ಅದು ಕಾಣಸಿಗುವುದೂ ಕಡಿಮೆ.

ಮೌನಕ್ಕೆ ಇನ್ನೊಂದು ಬೆಲೆಯೂ ಇತ್ತು. 1978ರ ಆ ಕೆಲವು ವಾರಗಳನ್ನು ಬಿಟ್ಟುಬಿಡೋಣ. ಅಕ್ಟೋಬರ್‌ನಲ್ಲಿ ಕೆಲಸ ಮುಗಿಯಿತು, ಕಟ್ಟಡ ಗಟ್ಟಿಯಾಯಿತು. ಆಮೇಲೆ ಗಾಬರಿಯ ಮಾತೇ ಇಲ್ಲ. ಆಗಲಾದರೂ ಹೇಳಬಹುದಿತ್ತು. 1995ರವರೆಗೂ ಹೇಳಲಿಲ್ಲ. ಅಷ್ಟು ವರ್ಷ ಬೇರೆ ಎಂಜಿನಿಯರ್‌ಗಳಿಗೆ ಈ ತಪ್ಪಿನಿಂದ ಕಲಿಯುವ ಅವಕಾಶವೇ ಸಿಗಲಿಲ್ಲ. ಡಯಾನ್ ಹಾರ್ಟ್ಲಿ ಅವರಿಗೆ ತಮ್ಮ ಪ್ರಬಂಧದ ಪ್ರಶ್ನೆ ಎಷ್ಟು ಸರಿಯಾಗಿತ್ತು ಎಂದು ಗೊತ್ತಾದದ್ದು ಆ ಮೇಲೆ, ಟಿವಿಯಲ್ಲಿ ಬಂದ ಸಾಕ್ಷ್ಯಚಿತ್ರ ನೋಡಿ. ಯೂಜೀನ್ ಕ್ರೆಮರ್ ಎಂಬ ವಾಸ್ತುಶಿಲ್ಪ ಪ್ರಾಧ್ಯಾಪಕರು ಈ ಪ್ರಕರಣವನ್ನು ಆದರ್ಶ ಎಂದು ಕಲಿಸುವುದನ್ನೇ ಪ್ರಶ್ನಿಸಿದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ, ಆದರೆ ಅವರ ಪ್ರಶ್ನೆ ಪಾಠದಲ್ಲಿ ಇರಲೇಬೇಕು.

ಅಪಾಯ ಅಷ್ಟಿರಲಿಲ್ಲ ಎಂದಾದರೆ?

ಕಥೆಗೆ ಇತ್ತೀಚಿನ ಒಂದು ತಿರುವು ಇದೆ. ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆಯ ಎಂಜಿನಿಯರ್‌ಗಳು ಈಗಿನ ವಿಧಾನಗಳಲ್ಲಿ ಈ ಗಾಳಿಯ ಲೆಕ್ಕವನ್ನು ಮತ್ತೆ ಮಾಡಿದರು. ಮೂಲೆಗಾಳಿಯ ಅಪಾಯ ಆಗ ಎಣಿಸಿದಷ್ಟು ದೊಡ್ಡದಾಗಿರಲಿಲ್ಲ ಎಂಬ ಕಡೆಗೆ ಅವರ ಲೆಕ್ಕ ವಾಲುತ್ತದೆ.

ಹಾಗಾದರೆ ಲೆಮೆಷರ್ ಮಾಡಿದ್ದೆಲ್ಲ ವ್ಯರ್ಥವೇ? ಇಲ್ಲ. ಒಬ್ಬರ ನಡತೆಯನ್ನು ತೂಗಬೇಕಾದದ್ದು ಆ ಹೊತ್ತಿಗೆ ಅವರಿಗೆ ಏನು ಗೊತ್ತಿತ್ತು, ತಿಳಿದುಕೊಳ್ಳಲು ಎಷ್ಟು ಕಷ್ಟಪಟ್ಟರು, ತಿಳಿದ ಮೇಲೆ ಏನು ಮಾಡಿದರು ಎಂಬುದರಿಂದ. ಕಟ್ಟಡ ಬೀಳುತ್ತದೆ ಎಂದು ನಂಬಿದ್ದರು, ನಂಬಲು ಒಳ್ಳೆಯ ಕಾರಣವಿತ್ತು, ತಜ್ಞರನ್ನು ಕೇಳಿ ಖಚಿತ ಮಾಡಿಕೊಂಡಿದ್ದರು. ಫಲಿತಾಂಶ ನೋಡಿ ಗುಣ ಅಳೆಯುವುದಾದರೆ ಆ ಚಂಡಮಾರುತ ತಿರುಗಿಹೋದ ದಿನವೇ ಎಲ್ಲರೂ ಸಮಾನ ಒಳ್ಳೆಯವರಾಗಿಬಿಡುತ್ತಿದ್ದರು.

ಆದರೆ ಇದೇ ಅಳತೆಗೋಲನ್ನು ಮೌನಕ್ಕೂ ಹಿಡಿಯಬೇಕು, ಅಲ್ವಾ? ಕಟ್ಟಡ ಬೀಳಲಿಲ್ಲ, ಯಾರಿಗೂ ಏನೂ ಆಗಲಿಲ್ಲ, ಆದ್ದರಿಂದ ಹೇಳದಿದ್ದದ್ದು ಸರಿಯೇ ಆಯಿತು ಎನ್ನುವ ಮಾತು ಆಗಾಗ ಕೇಳಿಬರುತ್ತದೆ. ಅದು ನಿಲ್ಲುವುದಿಲ್ಲ. 16 ವರ್ಷಕ್ಕೊಮ್ಮೆ ಬರುವ ಗಾಳಿ ಈ ವರ್ಷವೇ ಬರಬಹುದು ಎಂದು ನಂಬಿದ್ದ ಹೊತ್ತಿನಲ್ಲೇ ಅವರು ಆ ಹೇಳಿಕೆಗೆ ಒಪ್ಪಿಕೊಂಡಿದ್ದರು. ಅಪಾಯ ಕಡಿಮೆಯಿತ್ತು ಎಂಬ ಇಂದಿನ ಲೆಕ್ಕ ಅಂದಿನ ಧೈರ್ಯವನ್ನು ಕಡಿಮೆ ಮಾಡುವುದಿಲ್ಲ. ಅಂದಿನ ಮುಚ್ಚುಮರೆಯನ್ನೂ ಅದು ಮನ್ನಾ ಮಾಡುವುದಿಲ್ಲ.

ಲೆಮೆಷರ್ 2007ರಲ್ಲಿ ತೀರಿಕೊಂಡರು. ಬದುಕಿನ ಕೊನೆಯ ವರ್ಷಗಳಲ್ಲಿ ಅವರು ಈ ಕಥೆಯನ್ನು ವಿದ್ಯಾರ್ಥಿಗಳ ಮುಂದೆ ತಾವೇ ಹೇಳುತ್ತಿದ್ದರು, ತಪ್ಪು ಎಲ್ಲಿ ಆಯಿತೆಂದು ಲೆಕ್ಕ ಸಮೇತ ವಿವರಿಸುತ್ತಿದ್ದರು. ಇವತ್ತು ಈ ಪ್ರಕರಣ ಕಲಿಸುವವರು ಆ ಪತ್ರಿಕಾ ಹೇಳಿಕೆಯನ್ನೂ ವಿದ್ಯಾರ್ಥಿಗಳ ಕೈಗೆ ಕೊಟ್ಟು, ಅದನ್ನು ಆ ಕಟ್ಟಡದ 30ನೇ ಅಂತಸ್ತಿನಲ್ಲಿ ಕೂತು ಕೆಲಸ ಮಾಡುವವರಿಗಾಗಿ ಮತ್ತೆ ಬರೆಯಲು ಹೇಳಿದರೆ ತರಗತಿಯಲ್ಲಿ ಜಗಳ ಆಗುವುದು ಖಂಡಿತ. ಆ ಜಗಳ ಆಗಲಿ.